ಮರುಭೂಮಿಯಲ್ಲೊಂದು ತಗಡಿನ ಮನೆ

“ತಗಡಿನ ಮನಿ ನೋಡಾಕ ನೂರು ಮೈಲು ಹೋಗಬೇಕೇನವಾ? ಅದನ್ನ ನಮ್ಮ ಕಡೆ ಬೇಕಾದಷ್ಟು ನೋಡೀನಿ.”

ಮಗಳಿಗೆ ನಾನು ಹೀಗೆಂದುದು ಹಾಸ್ಯಕ್ಕಲ್ಲ. ಅದು ೨೦೨೫ರ ಮಾರ್ಚ್ ತಿಂಗಳು. ಲಾಸ್ ಏಂಜಲೀಸಿನಲ್ಲಿರುವ ಮಗಳ ಮನೆಗೆ ಬಂದು ನನಗೆ ಆರು ವಾರಗಳಾಗಿದ್ದವು. ಸಮುದ್ರತೀರ, ಚಿತ್ರನಗರಿ, ಗುಡ್ಡದ ಮೇಲಣ ದೇವಾಲಯ ಎಲ್ಲವನ್ನೂ ತೋರಿಸಿ ಮುಗಿಸಿದ್ದ ಅಳಿಯಂದಿರು, ಈ ಭಾನುವಾರ ಪಾಮ್ ಸ್ಪ್ರಿಂಗ್ಸಿಗೆ ಹೋಗೋಣವೆಂದು ಸೂಚಿಸಿದರು. ಅದು ಮರುಭೂಮಿಯ ನಡುವಿನ ಪಟ್ಟಣವೆಂದೂ, ೧೯೩೧ರಲ್ಲಿ ಅಲ್ಯೂಮಿನಿಯಮ್ ಮತ್ತು ಉಕ್ಕಿನಿಂದ ತಯಾರಾದ ಮೂರಂತಸ್ತಿನ ಮನೆಯೊಂದನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆಂದೂ, ಪೂರ್ಣವಾಗಿ ಲೋಹದಿಂದಲೇ ರಚಿಸಿದ ಮನೆ ಅಮೆರಿಕದಲ್ಲಿ ಅದೇ ಮೊದಲನೆಯದೆಂದೂ ಅವರು ವಿವರಿಸಿದರು. ನನಗೆ ಉತ್ಸಾಹ ಬರಲಿಲ್ಲ. ಬಾರದಿರುವುದಕ್ಕೆ ಕಾರಣವುಂಟು.

ಹುನಗುಂದ ತಾಲ್ಲೂಕಿನ ರಾಮಥಾಳ ನನ್ನ ಹುಟ್ಟೂರು. ೨೦೧೭ರಲ್ಲಿ ಇಪ್ಪತ್ತನಾಲ್ಕು ಸಾವಿರ ಹೆಕ್ಟೇರಿನ ಹನಿ ನೀರಾವರಿ ಯೋಜನೆ ಅಲ್ಲಿ ಉದ್ಘಾಟನೆಯಾದ ಮೇಲೆ ಊರಿನ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತು; ನಾನು ಚಿಕ್ಕವಳಾಗಿದ್ದಾಗ ಅದು ಮುಗಿಲನ್ನೇ ನಂಬಿ ಕುಳಿತ ಎರೆನೆಲದ ಹಳ್ಳಿ. ನಮ್ಮದು ಮಾಳಿಗೆಯ ಮನೆ. ಕಲ್ಲು ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ. ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಮತ್ತು ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹಾಳುಮಣ್ಣು ಹಾಕಿಸುವುದು ವರ್ಷದ ಕಟ್ಟಳೆ. ವೈಶಾಖದ ನಡುಮಧ್ಯಾಹ್ನ ಹೊರಗೆ ಕಾಲಿಡಲಾಗದಿದ್ದಾಗಲೂ ಪಡಸಾಲೆಯ ನೆಲಕ್ಕೆ ಬೆನ್ನು ಹಚ್ಚಿದರೆ ತಂಪು ಹತ್ತಿ ನಿದ್ದೆ ಬರುತ್ತಿತ್ತು. ತಗಡು ಎಂಬುದು ದನದ ಕೊಟ್ಟಿಗೆಗೆ ಮಾತ್ರ. ಅದೂ ಉಳ್ಳವರ ಕೊಟ್ಟಿಗೆಗೆ.

ತಗಡಿನ ಕೆಳಗೆ ಮನುಷ್ಯರು ಬದುಕುವುದನ್ನು ನಾನು ಕಂಡದ್ದು ಬಾಗಲಕೋಟೆಯಲ್ಲಿ. ನನ್ನ ಸೋದರಮಾವನ ಮನೆ ಅಲ್ಲಿಯ ಕಿಲ್ಲಾದಲ್ಲಿತ್ತು. ಆಲಮಟ್ಟಿಯಲ್ಲಿ ೧೯೬೪ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು ಮೇಲೇಳುತ್ತ ಬಂದು, ಅದರ ಹಿನ್ನೀರು ಘಟಪ್ರಭೆಯ ಗುಂಟ ಊರೊಳಕ್ಕೆ ಬರುವುದು ಖಚಿತವಾದಾಗ, ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಒಂದೊಂದಾಗಿ ಖಾಲಿಯಾದವು. ಊರ ಹೊರಗಿನ ದಿನ್ನೆಯ ಮೇಲೆ ನವನಗರ ಎದ್ದಿತು. ನಿವೇಶನ ದೊರೆತು ಮನೆ ಎದ್ದು ನಿಲ್ಲುವವರೆಗೆ ಎಷ್ಟೋ ಸಂಸಾರಗಳು ತಗಡಿನ ಆಸರೆಯಲ್ಲಿ ದಿನ ಕಳೆದವು. ಮಾಮಾ ಅವರೂ ಹಾಗೆಯೇ ಇದ್ದರು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಹಾದಿ

ಬೆಳಗಿನ ಆರು ಗಂಟೆಗೆ ಹೊರಟೆವು. ಒಂದೂವರೆ ಗಂಟೆಯವರೆಗೆ ಊರೇ ಮುಗಿಯಲಿಲ್ಲ. ಮನೆ, ಅಂಗಡಿ, ಗೋದಾಮು, ಮತ್ತೆ ಮನೆ. ಬಳಿಕ ಎರಡು ಪರ್ವತಗಳ ನಡುವಿನ ಸಾನ್ ಗೊರ್ಗೋನಿಯೊ ಕಣಿವೆಗೆ ಬಂದೆವು. ಅಲ್ಲಿ ಗಾಳಿಯ ಆರ್ಭಟವೆಂದರೆ ಕಾರೇ ಓಲಾಡುತ್ತದೆ. ದೃಷ್ಟಿ ಹರಿಯುವಷ್ಟು ದೂರ ವಿದ್ಯುತ್ತಿನ ಗಾಳಿಗಿರಣಿಗಳು. ಗದಗಿನ ಕಡೆಯಿಂದ ಬರುವಾಗ ಕಾಣುವ ಗಾಳಿಗಿರಣಿಗಳು ನೆನಪಾಗಿ, ಪರದೇಶದಲ್ಲಿ ಮೊದಲ ಸಲ ನಮ್ಮ ಸೀಮೆಗೆ ಬಂದಂತೆನಿಸಿತು.

ಮರುಭೂಮಿಯೆಂದರೆ ಮರಳಿನ ದಿಬ್ಬ, ಒಂಟೆಯ ಸಾಲು ಎಂದು ಭೂಗೋಳದ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದವಳು ನಾನು. ಇಲ್ಲಿ ಕಂಡದ್ದು ಬೇರೆ. ಗರಸುನೆಲ, ಅದರ ಮೇಲೆ ಎಣಿಸಿ ನೆಟ್ಟಂತೆ ದೂರ ದೂರ ನಿಂತ ಕುರುಚಲು ಗಿಡ, ಸುತ್ತ ಒಂದೆಳೆ ಹುಲ್ಲೂ ಇಲ್ಲದ ಕಂದು ಗುಡ್ಡಗಳು. ಅವುಗಳ ನಡುವೆ ಸಾನ್ ಹಸಿಂಟೊ ಎಂಬ ಪರ್ವತ ಹತ್ತು ಸಾವಿರದ ಎಂಟುನೂರು ಅಡಿಗಳೆತ್ತರಕ್ಕೆ ಎದ್ದಿದೆ. ಅದರ ನೆತ್ತಿಯಲ್ಲಿ ಹಿಮ, ಪಾದದಲ್ಲಿ ಖರ್ಜೂರ! ಬಾದಾಮಿಯ ಗುಡ್ಡಗಳಂತೆ ಇದು ಮರಳುಗಲ್ಲಲ್ಲ. ನಮ್ಮ ಇಳಕಲ್ಲಿನ ಕಣಶಿಲೆಯ ಜಾತಿಯದು. ಬಣ್ಣ ಮಾತ್ರ ಇಳಕಲ್ಲಿನ ಕೆಂಪಲ್ಲ.

ಪಾಮ್ ಸ್ಪ್ರಿಂಗ್ಸ್ ಎಂಬ ಹೆಸರಿಗೆ ಅಲ್ಲಿಯ ಬಿಸಿನೀರಿನ ಬುಗ್ಗೆ ಮತ್ತು ತಾಳೆಮರಗಳೇ ಕಾರಣ. ಬುಗ್ಗೆಯ ಒಡೆಯರು ಕಾವೀಯ ಎಂಬ ಮೂಲನಿವಾಸಿಗಳು. ಇಂದಿಗೂ ಪಟ್ಟಣದ ನೆಲದಲ್ಲಿ ಚದುರಂಗದ ಹಾಸಿನಂತೆ ಒಂದು ಚೌಕ ಬಿಟ್ಟು ಒಂದು ಚೌಕ ಅವರಿಗೆ ಸೇರಿದ್ದು. ಬೇಸಿಗೆಯ ಸೆಕೆ ಎಂಥದೆಂದರೆ ೨೦೨೪ರ ಜುಲೈ ತಿಂಗಳಲ್ಲಿ ಉಷ್ಣಮಾನ ೧೨೪ ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ೫೧ ಡಿಗ್ರಿ ಸೆಂಟಿಗ್ರೇಡಿಗೆ, ಮುಟ್ಟಿತ್ತು. ಅಂಥ ಊರಿಗೆ ಲೋಹದ ಮನೆಯನ್ನು ತರಲು ಯಾರಿಗೆ ಬುದ್ಧಿ ಹೇಳಿಕೊಟ್ಟಿತು ಎಂದು ನಾನು ಕೇಳಿದೆ. “ಅತ್ತೀ, ಮೊದಲ ನೋಡ್ರಿ, ಆಮ್ಯಾಲೆ ಬೈರಿ” ಎಂದರು ಅಳಿಯಂದಿರು.

ಕಾರನ್ನು ನಿಲ್ಲಿಸಿ ಕಲಾಸಂಗ್ರಹಾಲಯದತ್ತ ನಡೆದಾಗ ಮೊದಲು ಎದುರಾದವಳು ಇಪ್ಪತ್ತಾರು ಅಡಿ ಎತ್ತರದ ಮರ್ಲಿನ್ ಮನ್ರೋ. ಗಾಳಿಗೆ ಹಾರುವ ಲಂಗವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ನಗುತ್ತಿರುವ ಪ್ರತಿಮೆ. ಅದೇ ಗಾಳಿಗೆ ನನ್ನ ಇಳಕಲ್ ಸೀರೆಯ ಸೆರಗೂ ಹಾರಾಡುತ್ತಿತ್ತು. ಮೊಮ್ಮಗ ನಮ್ಮಿಬ್ಬರದೂ ಒಂದು ಚಿತ್ರ ತೆಗೆದ. ಆ ಚಿತ್ರವನ್ನು ವಾಚಕರಿಗೆ ತೋರಿಸುವ ಧೈರ್ಯ ನನಗಿಲ್ಲ.

ಹತ್ತು ದಿನಗಳ ಮನೆ

ಸಂಗ್ರಹಾಲಯದ ದಕ್ಷಿಣಕ್ಕೆ, ಹಿಂದೆ ವಾಹನಗಳನ್ನು ನಿಲ್ಲಿಸುತ್ತಿದ್ದ ಬಯಲಿನಲ್ಲಿ, ಪರ್ವತದ ಬುಡಕ್ಕೆ ಬೆನ್ನು ಕೊಟ್ಟು ಆ ಮನೆ ನಿಂತಿದೆ. ಗೋಡೆಯೆಂದರೆ ಸಣ್ಣ ಸಣ್ಣ ಏಣುಗಳುಳ್ಳ ಬೆಳ್ಳಿಯ ಬಣ್ಣದ ತಗಡು. ಕೆಳ ಅಂತಸ್ತಿನ ಬಹುಭಾಗ ಬಯಲು. ತೆಳುವಾದ ಕಂಬಗಳ ಮೇಲೆ ಮನೆ ಎತ್ತಿ ಹಿಡಿದಂತಿದೆ. ನಡುವಿನ ಅಂತಸ್ತಿನಲ್ಲಿ ಉದ್ದಕ್ಕೆ ಪಟ್ಟಿಯಂತೆ ಓಡಿದ ಕಿಟಕಿ. ಮೇಲಿನ ಅಂತಸ್ತಿನಲ್ಲಿ ಅರ್ಧ ಕೋಣೆ, ಅರ್ಧ ತೆರೆದ ಮಾಳಿಗೆ. ಒಟ್ಟು ವಿಸ್ತಾರ ಸುಮಾರು ೧,೨೦೦ ಚದರಡಿ. ಎಂದರೆ ನಮ್ಮ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ನಿವೇಶನವೆನ್ನುತ್ತೇವಲ್ಲ, ಅಷ್ಟು ನೆಲವನ್ನು ಮೂರು ಅಂತಸ್ತುಗಳಲ್ಲಿ ಹಂಚಿದಂತೆ. ನಾವು ಹೋದ ದಿನ ಒಳಕ್ಕೆ ಪ್ರವೇಶವಿರಲಿಲ್ಲ. ಹೊರಗೆ ನಿಂತು, ಗಾಜಿನೊಳಗೆ ಇಣುಕಿ, ಸುತ್ತಾಡಿ ನೋಡಬೇಕು. ದೇವರಿಲ್ಲದ ಗುಡಿಗೆ ಪ್ರದಕ್ಷಿಣೆ ಹಾಕಿದಂತಾಯಿತೆಂದು ಮಗಳು ನಕ್ಕಳು.

ಇದರ ಹುಟ್ಟು ಕಥೆಯಂತಿದೆ. ಆಲ್ಬರ್ಟ್ ಫ್ರೈ ಎಂಬ ಸ್ವಿಸ್ ತರುಣ ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೇ ಅವರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ. ಚಂಡೀಗಢವನ್ನು ನಮಗೆ ಕಟ್ಟಿಕೊಟ್ಟವರು ಇದೇ ಕಾರ್ಬೂಸಿಯೇ. ಕಂಬದ ಮೇಲೆ ನಿಂತ ಮನೆ, ಭಾರ ಹೊರದ ಗೋಡೆ, ಪಟ್ಟಿ ಕಿಟಕಿ, ಮಾಳಿಗೆಯ ಮೇಲೆ ತೋಟ — ಇವು ಗುರುವಿನ ಸೂತ್ರಗಳು. ಗುರು ಅವುಗಳನ್ನು ಕಾಂಕ್ರೀಟಿನಲ್ಲಿ ಸಾಧಿಸಿದರೆ, ಅಮೆರಿಕದ ಕಾರ್ಖಾನೆಗಳ ಸುದ್ದಿ ಕೇಳಿ ಮರುಳಾದ ಶಿಷ್ಯ ೧೯೩೦ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಅಲ್ಲಿ ಅವನಿಗೆ ಜೊತೆಯಾದವರು ವಾಸ್ತುಶಿಲ್ಪದ ಪತ್ರಿಕೆಯೊಂದರ ಸಂಪಾದಕರಾಗಿದ್ದ ಲಾರೆನ್ಸ್ ಕೋಚರ್. ೧೯೩೧ರ ಏಪ್ರಿಲ್ ತಿಂಗಳಲ್ಲಿ ಗ್ರಾಂಡ್ ಸೆಂಟ್ರಲ್ ಪ್ಯಾಲೇಸ್ ಎಂಬ ಮಹಾಸಭಾಂಗಣದಲ್ಲಿ ಕಟ್ಟಡ ಸಾಮಗ್ರಿಗಳ ಪ್ರದರ್ಶನ ನಡೆಯುವುದಿತ್ತು. ಮಾರಾಟಗಾರರಿಂದ ಸಾಮಗ್ರಿಯನ್ನು ದಾನವಾಗಿ ಪಡೆದು ಇವರಿಬ್ಬರೂ ಸಭಾಂಗಣದ ಒಳಗೇ ಪೂರ್ಣ ಪ್ರಮಾಣದ ಮನೆಯನ್ನು ಎಬ್ಬಿಸಿದರು. ಎಬ್ಬಿಸಲು ಹಿಡಿದದ್ದು ಸುಮಾರು ಹತ್ತು ದಿನ! ಆರು ಅಲ್ಯೂಮಿನಿಯಮ್ ಕಂಬಗಳು, ಉಕ್ಕಿನ ಚೌಕಟ್ಟು, ಅದಕ್ಕೆ ಮೂರಂಗುಲದ ಗೋಡೆ. ಅಲ್ಯೂಮಿನಿಯಮ್, ಗಾಳಿ, ಬೆಳಕು ಮೂರನ್ನೂ ಬೆಸೆದು “ಅಲ್ಯೂಮಿನೇರ್” ಎಂದು ಹೆಸರಿಟ್ಟರು. ಒಂದು ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿದರೆಂದು ದಾಖಲೆಯಿದೆ.

ಆ ಕಾಲವನ್ನು ನೆನೆದರೆ ಜನ ಮುಗಿಬಿದ್ದುದರಲ್ಲಿ ಆಶ್ಚರ್ಯವಿಲ್ಲ. ದೇಶದಲ್ಲಿ ಮಹಾಮುಗ್ಗಟ್ಟು, ಕೆಲಸವಿಲ್ಲದವರ ಸಾಲು ಬೀದಿ ಬೀದಿಗಳಲ್ಲಿ. ಅದೇ ವರ್ಷದ ಮೇ ೧ರಂದು ಅದೇ ನಗರದಲ್ಲಿ ನೂರಾಎರಡು ಅಂತಸ್ತಿನ ಎಂಪೈರ್ ಸ್ಟೇಟ್ ಸೌಧದ ಬಾಗಿಲು ತೆರೆಯಿತು. ಒಂದು ಕಡೆ ಮುಗಿಲು ಮುಟ್ಟುವ ಧನಿಕರ ಗೋಪುರ, ಇನ್ನೊಂದು ಕಡೆ ಕಾರ್ಖಾನೆಯಲ್ಲಿ ಮೋಟಾರು ಗಾಡಿ ತಯಾರಿಸಿದಂತೆ ಮನೆಯನ್ನೂ ತಯಾರಿಸಿ ನಡುವರ್ಗದವನ ಕೈಗೆಟುಕಿಸುವೆವೆಂಬ ಕನಸು. ಊಟವಾದ ಮೇಲೆ ಕಪಾಟಿನೊಳಕ್ಕೆ ಸೇರಿಹೋಗುವ ಮೇಜು ಅದರಲ್ಲಿತ್ತು. ಗೃಹಿಣಿಯರು ಅದನ್ನು ಎಳೆದು ನೂಕಿ ನೋಡಿರಬೇಕು, ನಾನಾಗಿದ್ದರೆ ನೋಡುತ್ತಿದ್ದೆ.

ಕನಸು ಕನಸಾಗಿಯೇ ಉಳಿಯಿತು. ಆ ಮಾದರಿಯ ಎರಡನೆಯ ಮನೆ ಎಲ್ಲಿಯೂ ಏಳಲಿಲ್ಲ.

ಲೋಹ ಕಾಯುವುದೇಕೆ?

ಅಳಿಯಂದಿರು ಇಂಜಿನಿಯರು. ನನ್ನ ಆಕ್ಷೇಪಣೆಗೆ ಅವರು ಬಿಸಿಲಿನಲ್ಲಿಯೇ ನಿಂತು ಉತ್ತರ ಹೇಳಿದರು. ಅದರ ಸಾರಾಂಶವನ್ನು ಗೃಹಿಣಿಯರೂ ತಿಳಿದಿರುವುದು ಒಳ್ಳೆಯದು.

ಹೊಳೆಯುವ ಅಲ್ಯೂಮಿನಿಯಮ್ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಆದರೆ ಹೀರಿಕೊಂಡ ಅಲ್ಪಸ್ವಲ್ಪ ಶಾಖವನ್ನು ಹೊರಸೂಸುವುದರಲ್ಲಿ ಅದು ಬಲು ಜಿಪುಣ. ಆದುದರಿಂದಲೇ ಬಿಸಿಲಿನಲ್ಲಿಟ್ಟ ತಪ್ಪಲೆ ಕೈ ಸುಡುತ್ತದೆ. ಜೊತೆಗೆ ಲೋಹದಲ್ಲಿ ಶಾಖ ಬೇಗನೆ ಹರಿಯುವುದರಿಂದ, ಬರಿಯ ತಗಡೊಂದೇ ಚಾವಣಿಯಾದರೆ ಮೇಲಿನ ಕಾವೆಲ್ಲ ಗಳಿಗೆಯೊಳಗೆ ಕೆಳಗಿನವರ ತಲೆಯ ಮೇಲೆ ಸುರಿಯುತ್ತದೆ. ನಮ್ಮ ಕಡೆಯ ತಗಡಿನ ಮನೆಗಳ ಶಾಪ ಇದೇ. ಅಲ್ಯೂಮಿನೇರಿನ ಗೋಡೆಯಲ್ಲಾದರೋ ತೆಳುವಾದ ತಗಡು ಹೊರಗಿನ ಅಂಗಿ ಮಾತ್ರ. ಅದರ ಹಿಂದೆ ಡಾಂಬರು ಕಾಗದ, ಅದರ ಹಿಂದೆ ಶಾಖವನ್ನು ತಡೆಯುವ ಹಲಗೆ. ದಪ್ಪನೆಯ ಇಟ್ಟಿಗೆಯ ಗೋಡೆಗಿಂತ ಈ ಮೂರಂಗುಲ ಮೇಲೆಂದು ಅದನ್ನು ಕಟ್ಟಿದವರ ವಾದ.

ವಾದವನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಒಂದು ಮಾತು ಹೇಳಿದೆ. ನಮ್ಮ ಮಣ್ಣಿನ ಗೋಡೆ ಶಾಖವನ್ನು ತಡೆಯುವುದಷ್ಟೇ ಅಲ್ಲ, ಹಗಲಿನ ಕಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ರಾತ್ರಿ ಸಾವಕಾಶವಾಗಿ ಬಿಡುತ್ತದೆ. ಹಗಲು ಸುಟ್ಟು ಇರುಳು ತಣಿಯುವ ಸೀಮೆಗೆ ಅಂಥ ಹೊಟ್ಟೆಯುಳ್ಳ ಗೋಡೆಯೇ ಬೇಕು. ಈ ಮೂರಂಗುಲದ ಗೋಡೆಗೆ ಹೊಟ್ಟೆಯಿಲ್ಲ. ಅಳಿಯಂದಿರು ಸ್ವಲ್ಪ ಹೊತ್ತು ಯೋಚಿಸಿ, “ಅದು ಖರೇ, ಅತ್ತೀ” ಎಂದು ಒಪ್ಪಿಕೊಂಡರು. ಬೆಂಗಳೂರಿನಲ್ಲಿ ಓದಿದವರಿಂದ ರಾಮಥಾಳದ ಮಾಳಿಗೆಗೆ ಅಂದು ಸಿಕ್ಕ ಮನ್ನಣೆಯಿಂದ ನನಗೆ ತುಸು ಗರ್ವವೂ ಆಯಿತು.

ಇನ್ನೊಂದು ಹೋಲಿಕೆಯೂ ಅಲ್ಲಿಯೇ ಹೊಳೆಯಿತು. ನಮ್ಮ ತಾಲ್ಲೂಕಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯಿದೆಯಷ್ಟೆ. ಅದರ ಚಾವಣಿಯ ಇಳಿಜಾರಿನಲ್ಲಿ ಚಪ್ಪಡಿಗಳ ಸಂದು ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳಂತೆ ಜೋಡಿಸಿದ್ದಾರೆ. ಮರದಲ್ಲಿ ಕಟ್ಟಿ ಪಳಗಿದ ಕೈ ಕಲ್ಲಿಗೆ ಬಂದಾಗ ಮರದ ಅಭ್ಯಾಸವನ್ನು ಬಿಡಲಾರದೆ ಹೋಯಿತೆಂದು ಬಲ್ಲವರು ಹೇಳುತ್ತಾರೆ. ಫ್ರೈ ಕೂಡ ಗುರುವಿನ ಕಾಂಕ್ರೀಟಿನ ಆಕಾರವನ್ನು ಲೋಹಕ್ಕೆ ಇಳಿಸಿದವನೇ ಅಲ್ಲವೆ? ಹೊಸ ಸಾಮಗ್ರಿ ತನ್ನದೇ ಆಕಾರವನ್ನು ಕಂಡುಕೊಳ್ಳುವುದಕ್ಕೆ ಚಾಲುಕ್ಯರಿಗೂ ಸಮಯ ಹಿಡಿಯಿತು. ಆ ಗುಡಿಗೆ ಹೆಸರು ಬಂದದ್ದು ಒಂದು ಕಾಲದಲ್ಲಿ ಅದನ್ನೇ ಮನೆ ಮಾಡಿಕೊಂಡಿದ್ದ ಲಾಡಖಾನನಿಂದ. ಗುಡಿ ಮನೆಯಾಗಿ, ಮತ್ತೆ ನೋಡುವ ವಸ್ತುವಾಯಿತು. ಇಲ್ಲಿ ಮನೆಯೇ ಗುಡಿಯಾಗಿದೆ.

ಬಿಚ್ಚಿದ ಮನೆ, ಕಟ್ಟಿದ ಮನೆ

ಪ್ರದರ್ಶನ ಮುಗಿದ ಮೇಲೆ ಮನೆಯ ಗತಿಯೇನು? ವಾಲೇಸ್ ಹ್ಯಾರಿಸನ್ ಎಂಬ ವಾಸ್ತುಶಿಲ್ಪಿ, ಮುಂದೆ ವಿಶ್ವಸಂಸ್ಥೆಯ ಭವನದ ನಿರ್ಮಾಣಕ್ಕೆ ಮುಖ್ಯಸ್ಥನಾದವನು, ಅದನ್ನು ಒಂದು ಸಾವಿರ ಡಾಲರಿಗೆ ಕೊಂಡ. ಮನೆಯನ್ನು ಬಿಚ್ಚಿ, ಲಾಂಗ್ ಐಲೆಂಡ್ ದ್ವೀಪದ ಹಂಟಿಂಗ್ಟನ್ನಿನಲ್ಲಿದ್ದ ತನ್ನ ಹೊಲಕ್ಕೆ ಸಾಗಿಸಿದ. ಬಿಚ್ಚುವಾಗ ಯಾವ ತುಂಡು ಎಲ್ಲಿಯದೆಂದು ಸೀಮೆಸುಣ್ಣದಿಂದ ಗುರುತು ಹಾಕಿದ್ದರಂತೆ. ತುಂಡುಗಳು ಬಯಲಿನಲ್ಲಿ ಬಿದ್ದಿದ್ದಾಗ ಮಳೆ ಬಂದು ಗುರುತೆಲ್ಲ ತೊಳೆದುಹೋಯಿತಂತೆ. ಹತ್ತು ದಿನಗಳಲ್ಲಿ ಎದ್ದ ಮನೆಯನ್ನು ಮತ್ತೆ ಜೋಡಿಸುವುದು ದೊಡ್ಡ ಒಗಟಾಯಿತೆಂದು ಹೇಳುತ್ತಾರೆ.

ಅಳಿಯಂದಿರು ಈ ಸಂಗತಿಯನ್ನು ಓದಿ ಹೇಳಿದಾಗ ನಾನು ನೆರಳು ಹುಡುಕಿ ಕುಳಿತುಬಿಟ್ಟೆ. ಕಿಲ್ಲಾದ ಮನೆಯನ್ನು ಬಿಚ್ಚಿದ ದಿನ ನನ್ನ ಕಣ್ಣ ಮುಂದೆ ಬಂದಿತು.

ಮಾಮಾ ಅವರ ಮನೆಯಲ್ಲಿ ಇಪ್ಪತ್ತೆರಡು ಸಾಗುವಾನಿ ಕಂಬಗಳಿದ್ದವು. ನೀರು ಬರುವ ಮುನ್ನ ಮನೆಯನ್ನು ಬಿಚ್ಚಲು ಬಡಿಗರು ಬಂದಾಗ ಅವರೂ ಸೀಮೆಸುಣ್ಣವನ್ನೇ ಹೊರತೆಗೆದಿದ್ದರು. “ಸುಣ್ಣದ ಗುರುತು ಮಳಿಗೆ ಹೋಗ್ತದೋ, ಉಳಿ ತಗೋ” ಎಂದು ಮಾಮಾ ಗದರಿದರು. ಪ್ರತಿಯೊಂದು ಕಂಬಕ್ಕೂ ತೊಲೆಗೂ ಜಂತಿಗೂ ಉಳಿಯಿಂದ ಕನ್ನಡದ ಅಂಕಿಯನ್ನು ಕೆತ್ತಿಸಿದರು. ತಾವು ಒಂದು ಪುಸ್ತಕದಲ್ಲಿ ಎಲ್ಲಕ್ಕೂ ನಕ್ಷೆ ಬರೆದುಕೊಂಡರು: ಪಡಸಾಲೆ ಒಂದರಿಂದ ಎಂಟು, ನಡುಮನೆ ಒಂಬತ್ತರಿಂದ ಹದಿನಾಲ್ಕು, ಹೀಗೆ. ದೇವರ ಕೋಣೆಯ ಬಾಗಿಲ ಚೌಕಟ್ಟನ್ನು ಎತ್ತಿದಾಗ ಮಾಮಿ ಒಳಗೆ ಹೋಗಿ ಕದವಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರು. ಯಾರೂ ಏನೂ ಮಾತನಾಡಲಿಲ್ಲ. ಎರಡು ಟ್ರ್ಯಾಕ್ಟರುಗಳಲ್ಲಿ ಮನೆ ದಿನ್ನೆ ಏರಿತು.

ಏರಿದ ಮನೆ ಅಲ್ಲಿ ಎದ್ದು ನಿಲ್ಲಲಿಲ್ಲ. ನಿವೇಶನ ಬಂದಿತ್ತು, ಆದರೆ ಅಂಥ ಮನೆಯನ್ನು ಹಿಡಿಸುವಷ್ಟು ಅಗಲದ್ದಲ್ಲ. ತೊಲೆಗಳನ್ನು ಕೊಯ್ದರೆ ಮಾತ್ರ ಕೂಡುತ್ತಿದ್ದವು. ಕೊಯ್ಯಲು ಮಾಮಾ ಒಪ್ಪಲಿಲ್ಲ. ಮಕ್ಕಳಿಗೆ ಸಿಮೆಂಟಿನ ಮನೆಯೇ ಬೇಕಾಗಿತ್ತು. ಕೈಯಲ್ಲಿದ್ದ ಪರಿಹಾರದ ಹಣ ಮಗಳ ಮದುವೆಗೆ ಹೋಯಿತು. ನಿವೇಶನದ ಒಂದು ಮೂಲೆಯಲ್ಲಿ ತಗಡಿನ ಆಸರೆ ಹಾಕಿ, ಅದರೊಳಗೆ ಅರ್ಧ ಜಾಗದಲ್ಲಿ ಕಂಬ ತೊಲೆಗಳನ್ನು ಒಟ್ಟಿ, ಉಳಿದ ಅರ್ಧದಲ್ಲಿ ತಾವಿಬ್ಬರೂ ಇದ್ದರು. ಬೇಸಿಗೆಯಲ್ಲಿ ನೋಡಲು ಹೋದ ನಾನು ಆ ತಗಡಿನ ಕೆಳಗೆ ಒಂದು ತಾಸು ಕುಳಿತಿರಲಾರದೆ ಹೊರಗಿನ ಬೇವಿನ ಗಿಡದ ನೆರಳಿಗೆ ಓಡಿ ಬಂದೆ. ಮಾಮಾ ಒಳಗೇ ಇದ್ದರು. ಮೊಳೆ ಹೊಡೆದ ತಗಡಿನ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ತೊಲೆಗಳ ಮೇಲೆ ಬೀಳುತ್ತಿತ್ತು. ಅವರು ಒದ್ದೆ ಪಂಚೆಯನ್ನು ಹೊದ್ದು ಆ ಪುಸ್ತಕದ ನಕ್ಷೆಯನ್ನು ತಿದ್ದುತ್ತಿದ್ದರು. ಮೂರನೆಯ ಬೇಸಿಗೆಯನ್ನು ಅವರು ಕಾಣಲಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಮಾರಾಟವಾದವು. ಹಳೆಯ ಸಾಗುವಾನಿಗೆ ಒಳ್ಳೆಯ ಬೆಲೆಯಿದೆ.

ತಗಡಿನ ಮನೆಯನ್ನು ನೋಡಲು ನಾನು ಹಿಂದೆಗೆದುದೇಕೆಂಬುದು ಈಗ ವಾಚಕರಿಗೆ ತಿಳಿದಿರಬಹುದು.

ಅಮೆರಿಕದ ಮನೆಯ ಅದೃಷ್ಟ ಬೇರೆ. ೧೯೩೨ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದ ಪ್ರಖ್ಯಾತ ವಾಸ್ತುಪ್ರದರ್ಶನದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಹ್ಯಾರಿಸನ್ ಅದನ್ನು ವಾರದ ಕೊನೆಯ ಬಿಡಾರವಾಗಿ ಬಳಸಿ, ಪಕ್ಕಕ್ಕೆ ದೊಡ್ಡ ಮನೆ ಎದ್ದ ಮೇಲೆ ಅದೇ ಹೊಲದ ಇಳಿಜಾರಿಗೆ ಸರಿಸಿ ಅತಿಥಿಗಳಿಗೆ ಬಿಟ್ಟ. ಅವನ ಬಳಿಕ ಹೊಲ ಕೈಬದಲಾಯಿತು, ಮನೆ ಪಾಳುಬಿದ್ದಿತು, ಒಡೆಯುವ ಮಾತೂ ಬಂದಿತು. ೧೯೮೦ರ ದಶಕದ ಕೊನೆಗೆ ಜಾನ್ ಮೈಕೇಲ್ ಶ್ವಾರ್ಟಿಂಗ್, ಫ್ರಾನ್ಸೆಸ್ ಕಾಂಪಾನಿ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಮುಂದೆ ಬಂದು, ಶ್ವಾರ್ಟಿಂಗ್ ಪಾಠ ಹೇಳುತ್ತಿದ್ದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸೆಂಟ್ರಲ್ ಐಸ್ಲಿಪ್ ಆವರಣಕ್ಕೆ ಅದನ್ನು ಸಾಗಿಸಿದರು. ವಿದ್ಯಾರ್ಥಿಗಳ ಕೈಯಿಂದಲೇ ಮನೆ ಮತ್ತೆ ಎದ್ದಿತು. ಆ ಆವರಣವೂ ಮುಚ್ಚಿದಾಗ ೨೦೧೨ರಲ್ಲಿ ಮತ್ತೆ ಬಿಚ್ಚಿ ಉಗ್ರಾಣದ ಪೆಟ್ಟಿಗೆಗೆ ತುಂಬಿದರು. ಕ್ವೀನ್ಸಿನ ಸನ್ನಿಸೈಡ್ ಗಾರ್ಡನ್ಸ್ ಎಂಬ ಇಟ್ಟಿಗೆ ಮನೆಗಳ ಬಡಾವಣೆಯಲ್ಲಿ ಅದನ್ನು ನಿಲ್ಲಿಸುವ ಸಲಹೆ ಬಂದಾಗ, ತಗಡಿನ ಮನೆ ತಮ್ಮ ಓಣಿಗೆ ಒಪ್ಪದೆಂದು ನೆರೆಹೊರೆಯವರು ಎದ್ದುನಿಂತರು. ೨೦೧೪ರ ಜನವರಿಯಲ್ಲಿ ನಗರದ ಸ್ಮಾರಕ ಆಯೋಗವೂ ಬೇಡವೆಂದಿತು. ಲೋಕಪ್ರಸಿದ್ಧವಾದ ಮನೆಗೂ ಇರಲು ಜಾಗ ಸಿಕ್ಕದ ಕಾಲವೊಂದಿತ್ತೆಂದು ಕೇಳಿ ನನಗೆ ಅದರ ಮೇಲೆ ಮೊದಲ ಸಲ ಮಮತೆ ಹುಟ್ಟಿತು.

ಪಾಮ್ ಸ್ಪ್ರಿಂಗ್ಸಿನವರು ಕೈನೀಡಿದ್ದು ಆಗ. ಅದಕ್ಕೆ ಕಾರಣ ಫ್ರೈ. ೧೯೩೪ರಲ್ಲಿ ಕೋಚರರ ಸಹೋದರನಾದ ವೈದ್ಯನೊಬ್ಬನಿಗೆ ಕಟ್ಟಡ ಕಟ್ಟಿಕೊಡಲು ಈ ಊರಿಗೆ ಬಂದ ಫ್ರೈ ಮರುಭೂಮಿಗೆ ಮನಸೋತು, ೧೯೯೮ರಲ್ಲಿ ತೀರಿಕೊಳ್ಳುವವರೆಗೆ ಬಹುಪಾಲು ಆಯುಷ್ಯವನ್ನು ಇಲ್ಲಿಯೇ ಕಳೆದ. ಮನೆಯ ತುಂಡುಗಳನ್ನು ತುಂಬಿದ ಗಾಡಿ ೨೦೧೭ರಲ್ಲಿ ಖಂಡದ ಆಚೆ ತುದಿಯಿಂದ ಈಚೆ ತುದಿಗೆ ಸುಮಾರು ಮೂರು ಸಾವಿರ ಮೈಲಿ ಪ್ರಯಾಣ ಮಾಡಿ ಬಂದಿತು. ೨೦೨೪ರ ಮಾರ್ಚ್ ತಿಂಗಳಲ್ಲಿ ಮನೆ ತೆರೆಯಿತು. ಇದು ಅದರ ಐದನೆಯ ನೆಲೆ.

ಗುಡ್ಡದ ಮೇಲಣ ಮನೆ, ಬಯಲಿನ ಮನೆಗಳು

ಹಿಂದೆ ತಿರುಗಿ ನೋಡಿದರೆ ಗುಡ್ಡದ ಮೇಲೆ, ಊರಿನಿಂದ ಇನ್ನೂರಿಪ್ಪತ್ತು ಅಡಿ ಎತ್ತರದಲ್ಲಿ, ಫ್ರೈ ೧೯೬೪ರಲ್ಲಿ ತನಗಾಗಿ ಕಟ್ಟಿಕೊಂಡ ಪುಟ್ಟ ಮನೆಯಿದೆ. ಕಟ್ಟುವ ಮುನ್ನ ಒಂದು ವರ್ಷ ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುವನೆಂಬುದನ್ನು ಅಳೆದು ಗುರುತು ಮಾಡಿಕೊಂಡನಂತೆ. ಚಾವಣಿಯ ಚಾಚು ಎಷ್ಟಿರಬೇಕೆಂದರೆ ಚಳಿಗಾಲದ ಓರೆ ಬಿಸಿಲು ಒಳಕ್ಕೆ ಬರಬೇಕು, ಬೇಸಿಗೆಯ ನಡುನೆತ್ತಿಯ ಬಿಸಿಲು ಬರಬಾರದು. ಗುಡ್ಡದ ಬಂಡೆಯೊಂದನ್ನು ಕಡಿಯದೆ ಅದರ ಸುತ್ತ ಗಾಜನ್ನು ಕತ್ತರಿಸಿ ಕೂಡಿಸಿದ್ದಾನೆ. ಬಂಡೆ ಅರ್ಧ ಹೊರಗೆ, ಅರ್ಧ ಒಳಗೆ. ಅಂತೂ ಚಾವಣಿ ಮಾತ್ರ ಏಣು ತಗಡಿನದೇ! ಅಲ್ಯೂಮಿನೇರಿಗಿಂತ ಇದೇ ನನಗೆ ಹೆಚ್ಚು ಮೆಚ್ಚಾಯಿತೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಮೂವತ್ತಮೂರು ವರ್ಷಗಳಲ್ಲಿ ಆ ಮನುಷ್ಯ ನೆಲದ ಮಾತನ್ನು ಕಲಿತಿದ್ದ.

ಊರಿನ ಉತ್ತರಕ್ಕೆ ೧೯೬೦ರ ದಶಕದ ಆರಂಭದಲ್ಲಿ ಡಾನಲ್ಡ್ ವೆಕ್ಸ್ಲರ್ ಕಟ್ಟಿದ ಏಳು ಉಕ್ಕಿನ ಮನೆಗಳೂ ಇವೆ. ಇನ್ನಷ್ಟು ಏಳಬೇಕಾಗಿದ್ದವು, ಉಕ್ಕಿನ ಬೆಲೆ ಏರಿದ್ದರಿಂದ ಅಷ್ಟಕ್ಕೇ ನಿಂತವಂತೆ. ಕಾರಿನಿಂದಿಳಿಯದೆ ನೋಡಿ ಬಂದೆವು.

ನೋಡಲು ಏನೂ ಉಳಿದಿರದ ಇನ್ನೊಂದು ಜಾಗಕ್ಕೆ ಕರೆದೊಯ್ಯಲು ನಾನೇ ಹೇಳಿದೆ. ಪಟ್ಟಣದ ನಡುವೆಯೇ ಒಂದು ಚದರ ಮೈಲಿಯ ಹದಿನಾಲ್ಕನೆಯ ಚೌಕವಿದೆ. ಅದು ಕಾವೀಯ ಜನರ ನೆಲ. ಹೋಟೆಲುಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ದುಡಿಯುತ್ತಿದ್ದ ಕರಿಯ ಜನಾಂಗದವರೂ ಮೆಕ್ಸಿಕೋ ಮೂಲದವರೂ ಅಲ್ಲಿ ಬಾಡಿಗೆಯ ನೆಲದಲ್ಲಿ ತಾವೇ ಮನೆ ಕಟ್ಟಿಕೊಂಡಿದ್ದರು; ಊರಿನ ಬೇರೆ ಭಾಗಗಳಲ್ಲಿ ಅವರಿಗೆ ಮನೆ ಸಿಕ್ಕುತ್ತಿರಲಿಲ್ಲ. ೧೯೫೦ ಮತ್ತು ೬೦ರ ದಶಕಗಳಲ್ಲಿ ಆ ಬೆಲೆಬಾಳುವ ನೆಲವನ್ನು ತೆರವು ಮಾಡಿಸಲು ಮನೆಗಳನ್ನು ಕೆಡವಿ ಸುಟ್ಟರು. ರಾಜ್ಯದ ನ್ಯಾಯ ಇಲಾಖೆಯೇ ೧೯೬೮ರ ತನ್ನ ವರದಿಯಲ್ಲಿ ನಗರಾಡಳಿತವನ್ನು ಕಟುವಾಗಿ ಖಂಡಿಸಿತು. ೨೦೨೪ರ ನವೆಂಬರಿನಲ್ಲಿ ನಗರಸಭೆ ಅಲ್ಲಿದ್ದವರಿಗೂ ಅವರ ವಂಶಜರಿಗೂ ಐವತ್ತೊಂಬತ್ತು ಲಕ್ಷ ಡಾಲರುಗಳ ಪರಿಹಾರವನ್ನು ಒಪ್ಪಿಕೊಂಡಿತು. ಅಲ್ಯೂಮಿನೇರ್ ಬಾಗಿಲು ತೆರೆದದ್ದೂ ಅದೇ ವರ್ಷ. ಒಂದು ಮನೆಯನ್ನು ಮೂರು ಸಾವಿರ ಮೈಲಿಯಿಂದ ಹೊತ್ತು ತಂದ ಊರು, ತನ್ನ ನಡುವಿನಲ್ಲಿದ್ದ ಮನೆಗಳನ್ನು ಒಂದು ಕಾಲದಲ್ಲಿ ಬೆಂಕಿಗೆ ಕೊಟ್ಟಿತ್ತು. ನಾವು ನೋಡಿದಾಗ ಅಲ್ಲಿ ಹೋಟೆಲುಗಳೂ ಖಾಲಿ ನಿವೇಶನಗಳೂ ಇದ್ದವು.

ಹಿಂದಿರುಗುವ ಮುನ್ನ ಮೊಮ್ಮಗನ ಹಟಕ್ಕೆ ಮತ್ತೊಮ್ಮೆ ಅಲ್ಯೂಮಿನೇರ್ ಬಳಿಗೆ ಹೋದೆವು. ಇಳಿಬಿಸಿಲಿಗೆ ತಗಡು ಬೆಳ್ಳಿಯ ಬಣ್ಣ ಬಿಟ್ಟು ಕಿತ್ತಳೆಯಾಗಿತ್ತು. ಹೊದಿಕೆಯಲ್ಲಿ ಹೊಸ ತಗಡು ಸೇರಿದೆ. ಕಂಬಗಳು ಆ ಹಳೆಯವೇ.

“ಅಜ್ಜಿ, ಈ ಕಂಬಕ್ಕ ನಂಬರ್ ಎಲ್ಲದ?” ಎಂದು ಹುಡುಗ ಕೇಳಿದ. ಮಧ್ಯಾಹ್ನ ನಾನು ಹೇಳಿದ ಕಥೆ ಅವನ ತಲೆಯಲ್ಲಿ ಕುಳಿತಿತ್ತು. ನಾವಿಬ್ಬರೂ ಬಗ್ಗಿ ಒಂದು ಕಂಬದ ಬುಡವನ್ನು ದ್ವಾರದ ಕಡೆಯಿಂದ ಬಹಳ ಹೊತ್ತು ನೋಡಿದೆವು. ಏನೂ ಕಾಣಲಿಲ್ಲ.

“ನಮ್ಮ ಕಂಬಕ್ಕ ಅದ ಅಲ್ಲ?”

ಅದೆ. ಮಾರಾಟವಾಗುವಾಗ ಒಂದನ್ನು ನಾನು ಬೇಡಿ ತಂದಿದ್ದೆ. ಇಳಕಲ್ಲಿನ ನಮ್ಮ ಮನೆಯ ಹಿತ್ತಿಲಲ್ಲಿ, ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಇಟ್ಟಿದ್ದೇವೆ; ಸಂಜೆ ಕುಳಿತುಕೊಳ್ಳಲು ಅನುಕೂಲ. ಕೈಯಾಡಿಸಿದರೆ ಅಂಕಿ ಬೆರಳಿಗೆ ಹತ್ತುತ್ತದೆ: ೧೧. ಮಾಮಾ ಅವರ ಪುಸ್ತಕದ ಪ್ರಕಾರ ಅದು ನಡುಮನೆಯದು.